ಎಳೆಗೂಸಿಗೂ ಲಕ್ವ: ಹೊರೆ ತಾಯಿಯೊಬ್ಬಳದ್ದಲ್ಲ

ಕಾಸರಗೋಡು: ಎಂಟು ತಿಂಗಳ ಮಗು ಗಿಲಕಿ ಕಂಡರೆ ಎಡಗೈಯನ್ನೇ ಚಾಚುತ್ತದೆ. ಬಲಗೈ ಮುಷ್ಟಿ ಬಿಗಿದೇ ಇರುತ್ತದೆ. "ಅಜ್ಜನ ಹಾಗೇ ಎಡಚ ಆಗ್ತಾನೆ ನೋಡಿ" ಎಂದು ಮನೆಯವರು ನಗುತ್ತಾರೆ. ಆದರೆ ವರ್ಷ ತುಂಬುವ ಮೊದಲೇ ಮಗು ಒಂದೇ ಕೈಯನ್ನು ನೆಚ್ಚಿಕೊಂಡರೆ ಅದು ನಗುವ ವಿಷಯವಲ್ಲ, ವೈದ್ಯರಿಗೆ ತೋರಿಸಬೇಕಾದ ಲಕ್ಷಣ. ಎಳೆಗೂಸಿಗೂ ಲಕ್ವ ಬಡಿಯುತ್ತದೆ ಎಂಬುದು ಬಹಳ ಮಂದಿಗೆ ಗೊತ್ತೇ ಇಲ್ಲ.

ಮಗು ಗರ್ಭದಲ್ಲಿರುವಾಗಲೋ, ಹುಟ್ಟಿದ 28 ದಿನಗಳೊಳಗೋ ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೆ ಅಥವಾ ಮೆದುಳಿನಲ್ಲಿ ರಕ್ತಸ್ರಾವವಾದರೆ ಹೀಗಾಗುವುದುಂಟು. ಕೆಲವು ಮಕ್ಕಳಿಗೆ ಹುಟ್ಟಿದ ಒಂದೆರಡು ದಿನಗಳಲ್ಲೇ ಫಿಟ್ಸ್ ಬರುತ್ತದೆ. ಹಳಬರು ಬಾಲಗ್ರಹ ಎಂದು ನೂಲು ಕಟ್ಟಿಸುತ್ತಾರೆ. ಕಟ್ಟಿಸಲಿ, ಬೇಡವೆನ್ನುವವರು ಯಾರು? ಆದರೆ ಮೊದಲು ಆಸ್ಪತ್ರೆಗೆ ಓಡಬೇಕು. ಇನ್ನು ಕೆಲವು ಮಕ್ಕಳಲ್ಲಿ ತಿಂಗಳುಗಟ್ಟಲೆ ಯಾವ ಸುಳಿವೂ ಸಿಗುವುದಿಲ್ಲ.

ವಿಷಯ ತಿಳಿದ ಕೂಡಲೇ ಎಲ್ಲರ ಕಣ್ಣು ತಾಯಿಯ ಮೇಲೆ. ಬಸುರಿಯಾಗಿದ್ದಾಗ ಏನು ತಿಂದಳು, ಗ್ರಹಣ ನೋಡಿದಳೋ ಎಂಬ ವಿಚಾರಣೆ ಶುರುವಾಗುತ್ತದೆ. ಇದು ಶುದ್ಧ ಅನ್ಯಾಯ. ಮಗುವಿನ ಹೃದಯದ ತೊಂದರೆ, ಸೋಂಕು, ರಕ್ತ ಹೆಪ್ಪುಗಟ್ಟುವಿಕೆಯ ದೋಷ ಹೀಗೆ ಕಾರಣಗಳು ಹಲವು. ಎಷ್ಟೋ ಸಲ ಖಚಿತ ಕಾರಣವೇ ಸಿಗುವುದಿಲ್ಲ.

ಎಲ್ಲವೂ ಸರಿಹೋಗುತ್ತದೆ ಎಂದು ಯಾವ ವೈದ್ಯರೂ ಮಾತು ಕೊಡಲಾರರು. ಕೈಯ ಬಿಗಿತ, ಫಿಟ್ಸ್, ಕಲಿಕೆಯ ತೊಂದರೆ ಉಳಿಯಬಹುದು. ಹಾಗೆಂದು ಕೈಚೆಲ್ಲಬೇಕಾಗಿಲ್ಲ. ಎಳೆಯ ಮೆದುಳಿಗೆ ಹೊಸದಾಗಿ ಕಲಿಯುವ ಶಕ್ತಿ ಹೆಚ್ಚು. ಒಂದು ಬದಿ ಮಾತ್ರ ಸೋತ ಮಕ್ಕಳಲ್ಲಿ ಹೆಚ್ಚಿನವರು ತಡವಾದರೂ ನಡೆಯುತ್ತಾರೆ. ಆದರೆ ವ್ಯಾಯಾಮ ಬೇಗ ಶುರುವಾಗಬೇಕು, ದಿನವೂ ನಡೆಯಬೇಕು. ಸರಿಯಿರುವ ಕೈಗೆ ಸ್ವಲ್ಪ ಹೊತ್ತು ಚೀಲ ತೊಡಿಸಿ ಸೋತ ಕೈಯಿಂದ ಆಟವಾಡಿಸುವ ಕ್ರಮವೂ ಇದೆ. ಫಿಸಿಯೋಥೆರಪಿಯವರು ಹೇಳಿಕೊಟ್ಟ ಹಾಗೆ ಮೀಯಿಸುವಾಗ, ಉಣ್ಣಿಸುವಾಗ ಮನೆಯವರೇ ಮಾಡಿಸಬೇಕು. ಇಷ್ಟನ್ನೂ ತಾಯಿ ಒಬ್ಬಳೇ ಮಾಡೋದು ಹೇಗೆ?

ಗಡಿನಾಡಿನ ಸಮಸ್ಯೆ ಇರುವುದು ಇಲ್ಲೇ. ಮಗುವನ್ನು ಮೀಯಿಸುವವರು ಅಜ್ಜಿ. ಅನೇಕ ಅಜ್ಜಿಯಂದಿರಿಗೆ ಓದಲು ಬರುವುದು ಕನ್ನಡ ಮಾತ್ರ. ವ್ಯಾಯಾಮದ ಚೀಟಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಅದು ಅವರ ಕೈಗೆ ಇಳಿಯುವುದಿಲ್ಲ. ನಾಮಫಲಕ, ಅರ್ಜಿ ಕನ್ನಡದಲ್ಲಿ ಬೇಕೆಂದು ಹೋರಾಡುವವರು ಈ ಚೀಟಿಯನ್ನೂ ಕನ್ನಡದಲ್ಲಿ ಕೇಳಬೇಕು. ಎಲ್ಲದಕ್ಕೂ ಮಂಗಳೂರು ಇದೆಯಲ್ಲ ಎಂಬ ಧೈರ್ಯವೂ ಸಾಲದು. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ರೋಗಿಗಳು ಪಟ್ಟ ಪಾಡು ಯಾರಿಗೂ ಮರೆತಿಲ್ಲ. ವಾರವಾರ ಬೇಕಾಗುವ ಚಿಕಿತ್ಸೆ ಊರಿನ ಹತ್ತಿರವೇ ಸಿಗಬೇಕು.

ಸರಕಾರದ ದಾರಿಗಳೂ ಇವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳಿಗೆ ಉಚಿತ ತಪಾಸಣೆ ಇದೆ. ಸೆರೆಬ್ರಲ್ ಪಾಲ್ಸಿ ಎಂದು ದೃಢಪಟ್ಟ ಮಕ್ಕಳಿಗೆ ನಿರಾಮಯ ವಿಮೆಯಲ್ಲಿ 1 ಲಕ್ಷ ರೂ.ವರೆಗೆ ನೆರವುಂಟು. ಆಶಾ ಕಾರ್ಯಕರ್ತೆಯರಲ್ಲಿ, ಅಂಗನವಾಡಿಯಲ್ಲಿ ಕೇಳಿದರೆ ದಾರಿ ತಿಳಿಯುತ್ತದೆ.

ಉಳಿದದ್ದು ಮನೆಮಂದಿಯ ಕೈಯಲ್ಲಿದೆ. ಆಸ್ಪತ್ರೆಗೆ ಹೋಗುವ ದಿನ ಅಪ್ಪ ರಜೆ ಹಾಕಲಿ. ಹೇಳಿಕೊಟ್ಟದ್ದನ್ನು ಅತ್ತೆ, ಚಿಕ್ಕಮ್ಮಂದಿರೂ ಕಲಿಯಲಿ. ನೋಡಲು ಬರುವ ನೆಂಟರು "ಅಯ್ಯೋ ಪಾಪ" ಎನ್ನುವ ಬದಲು ಎರಡು ಗಂಟೆ ಮಗುವನ್ನು ಆಡಿಸಲಿ. ಅಷ್ಟು ಹೊತ್ತು ಆ ತಾಯಿ ನಿದ್ದೆ ಮಾಡಲಿ.