ಟಿಮ್ ಕುಕ್‌ಗೆ ಚಪ್ಪಾಳೆ, ಮಗನಿಗೆ ಜಾತಕ?

ಕಳೆದ ಆಟಿ ತಿಂಗಳ ಒಂದು ಮಧ್ಯಾಹ್ನ. ಧೋ ಅಂತ ಮಳೆ, ಅದರ ನಡುವೆ ನಂತೂರು ಸರ್ಕಲ್‌ನಲ್ಲಿ ಎಂದಿನ ಹಾಗೆ ಲಾರಿ, ಬಸ್ಸುಗಳ ಹಾರ್ನು. ಪರಿಚಯದ ಹೆಂಗಸೊಬ್ಬರು ಪತ್ರೊಡೆ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಡಬ್ಬಿಯ ಜೊತೆ ಒಂದು ಕವರ್ ಕೂಡ ಇತ್ತು. ಅದರೊಳಗೆ ಮಗನ ಜಾತಕ.

"ಅಕ್ಕ, ನಿಮ್ಮ ತಮ್ಮನ ಮಗಳು ಇದ್ದಾಳಲ್ಲ, ಎಂ.ಕಾಂ. ಮಾಡಿದವಳು. ಆಟಿ ಕಳೆಯಲಿ, ಆಮೇಲೆ ಮಾತಾಡುವ. ಒಮ್ಮೆ ತೋರಿಸಿ ನೋಡಿ" ಎಂದರು.

ಹುಡುಗನನ್ನು ನಾನು ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುವಾಗಿನಿಂದ ಬಲ್ಲೆ. ಒಳ್ಳೆಯ ಹುಡುಗ, ಬೆಂಗಳೂರಿನಲ್ಲಿ ಕೆಲಸ, ಕೈತುಂಬ ಸಂಬಳ. ಮೂವತ್ತು ದಾಟಿದೆ. ಬಂದ ಸಂಬಂಧವನ್ನೆಲ್ಲ ಬೇಡ ಬೇಡ ಅಂತಲೇ ಬಂದಿದ್ದಾನೆ. "ಅವನಿಗೇ ಮನಸ್ಸಿಲ್ಲದಿದ್ದರೆ ಸುಮ್ಮನೆ ಯಾಕೆ ಒತ್ತಾಯ?" ಅಂದೆ. ಅವರು ಸ್ವಲ್ಪ ಹೊತ್ತು ಕಿಟಕಿಯ ಆಚೆ ಮಳೆ ನೋಡುತ್ತಾ ಕೂತರು. ಆಮೇಲೆ ಮೆಲ್ಲಗೆ ಹೇಳಿದರು: "ಅವನಿಗೆ ಹುಡುಗಿಯರು ಬೇಡವಂತೆ ಅಕ್ಕ. ಮೂರು ವರ್ಷದ ಹಿಂದೆ ನನ್ನತ್ರ ಹೇಳಿದ್ದಾನೆ. ಅಪ್ಪನಿಗೆ ಗೊತ್ತಿಲ್ಲ. ಮದುವೆ ಆದ್ರೆ ಎಲ್ಲ ಸರಿ ಆಗ್ತದಲ್ಲಾ?"

ನನಗೆ ಮಾತೇ ಹೊರಡಲಿಲ್ಲ. ಯಾಕೆಂದರೆ ಹಿಂದೊಮ್ಮೆ ಟೀವಿಯಲ್ಲಿ ಆ್ಯಪಲ್ ಕಂಪನಿಯ ಟಿಮ್ ಕುಕ್ ಸುದ್ದಿ ಬಂದಾಗ "ಎಂತಾ ಧೈರ್ಯ ಮಾರಾಯ್ತಿ ಆ ಮನುಷ್ಯನಿಗೆ!" ಎಂದು ಹೊಗಳಿದವರು ಇವರೇ!

(ಇದನ್ನು ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ. ನನ್ನ ನೆರೆಹೊರೆಯವರು ದಯವಿಟ್ಟು ಊಹೆ ಮಾಡುವ ಕೆಲಸಕ್ಕೆ ಹೋಗಬೇಡಿ.)

ದೊಡ್ಡವರು ಹೇಳಿದಾಗ

ಟಿಮ್ ಕುಕ್ ಸುದ್ದಿ ನಿಮಗೂ ನೆನಪಿರಬಹುದು. 2014ರ ಅಕ್ಟೋಬರ್ 30ರಂದು ಒಂದು ವಾಣಿಜ್ಯ ಪತ್ರಿಕೆಯಲ್ಲಿ ಲೇಖನ ಬರೆದು, ತಾನು ಸಲಿಂಗಿ, ಅದರ ಬಗ್ಗೆ ತನಗೆ ಹೆಮ್ಮೆಯಿದೆ, ದೇವರು ಕೊಟ್ಟ ದೊಡ್ಡ ಉಡುಗೊರೆಗಳಲ್ಲಿ ಅದೂ ಒಂದು ಎಂದು ಹೇಳಿಕೊಂಡರು. ಆಗ ಅವರು ಜಗತ್ತಿನ ಅತಿ ದೊಡ್ಡ ಕಂಪನಿಗಳಲ್ಲಿ ಒಂದರ ಮುಖ್ಯಸ್ಥ. ಖಾಸಗಿ ಬದುಕನ್ನು ಖಾಸಗಿಯಾಗಿಯೇ ಇಟ್ಟುಕೊಳ್ಳುವ ಸ್ವಭಾವದವರು. ಆದರೂ ತನ್ನ ಮಾತಿನಿಂದ ಎಲ್ಲೋ ಒಬ್ಬಂಟಿಯಾಗಿ ಕೂತ ಯಾರಿಗೋ ಧೈರ್ಯ ಬರುವುದಾದರೆ ಹೇಳಿಯೇ ಬಿಡೋಣ ಎಂದುಕೊಂಡರಂತೆ. ಜಗತ್ತಿನ ಬಹುಪಾಲು ಭಾಗ ಚಪ್ಪಾಳೆ ತಟ್ಟಿತು. ಎಲ್ಲರೂ ಅಲ್ಲ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಸ್ಟೀವ್ ಜಾಬ್ಸ್ ನೆನಪಿಗೆ ನಿಲ್ಲಿಸಿದ್ದ, ಫೋನಿನ ಆಕಾರದ ಸ್ಮಾರಕವನ್ನು ಕೆಲವೇ ದಿನಗಳಲ್ಲಿ ಕಿತ್ತು ಹಾಕಲಾಯಿತು. ಅದನ್ನು ನಿಲ್ಲಿಸಿದ್ದ ಕಂಪನಿ ಕೊಟ್ಟ ಕಾರಣ, ಆ ದೇಶದಲ್ಲಿ ಸಲಿಂಗಕಾಮದ ಪ್ರಚಾರದ ವಿರುದ್ಧ ಇರುವ ಕಾನೂನು. ಸತ್ತವರ ಸ್ಮಾರಕಕ್ಕೂ ಶಿಕ್ಷೆ ನೋಡಿ!

ಅದಕ್ಕೂ ಏಳು ವರ್ಷ ಹಿಂದಿನ ಇನ್ನೊಂದು ಕಥೆ ಕೇಳಿ. ಬ್ರಿಟನ್ನಿನ ದೊಡ್ಡ ತೈಲ ಕಂಪನಿ ಬಿ.ಪಿ.ಗೆ ಜಾನ್ ಬ್ರೌನ್ ಎಂಬವರು 1995ರಿಂದ ಮುಖ್ಯಸ್ಥರಾಗಿದ್ದರು. ಜೀವನವಿಡೀ ತಾನು ಸಲಿಂಗಿ ಎಂಬುದನ್ನು ಮುಚ್ಚಿಟ್ಟವರು. ಹಳೆಯ ಗೆಳೆಯನೊಬ್ಬ ಪತ್ರಿಕೆಗೆ ಎಲ್ಲ ಹೇಳಲು ಹೊರಟಾಗ ತಡೆಯಲು ಕೋರ್ಟಿಗೆ ಹೋದರು. ಆ ಗೆಳೆಯ ಹೇಗೆ ಪರಿಚಯವಾದ ಎಂಬ ಪ್ರಶ್ನೆಗೆ ನಾಚಿಕೆಯಿಂದ ಕೋರ್ಟಿನಲ್ಲೇ ಸುಳ್ಳು ಹೇಳಿದರು. ಸುಳ್ಳು ಹೊರಬಿದ್ದು 2007ರ ಮೇ 1ರಂದು ರಾಜೀನಾಮೆ ಕೊಡಬೇಕಾಯಿತು. ಬ್ರೌನ್ ಅವರ ತಾಯಿ ನಾಜಿಗಳ ಆಶ್‌ವಿಟ್ಜ್ ಶಿಬಿರದಿಂದ ಬದುಕಿ ಬಂದವರು. ನಿನ್ನ ಗುಟ್ಟನ್ನು ಯಾರಿಗೂ ಬಿಟ್ಟುಕೊಡಬೇಡ ಎಂದೇ ಮಗನಿಗೆ ಕಲಿಸಿದ್ದರಂತೆ. ಕೊನೆಗಾಲದ ಹಲವು ವರ್ಷ ಮಗನ ಜೊತೆಯೇ ಇದ್ದರು. ಆದರೂ ಆ ಮಗ ತಾಯಿಗೆ ಈ ವಿಷಯವನ್ನು ಬಾಯಿಬಿಟ್ಟು ಹೇಳಲಾರದೇ ಹೋದ. ಒಂದೇ ಸೂರಿನ ಕೆಳಗೆ ಇದ್ದುಕೊಂಡು ಇಷ್ಟು ದೂರ!

ನಮ್ಮ ದೇಶದಲ್ಲೂ ಇದ್ದಾರೆ. ಲಲಿತ್ ಹೋಟೆಲು ಸಮೂಹದ ಕೇಶವ್ ಸೂರಿ, ನೀಮ್ರಾನಾ ಹೋಟೆಲುಗಳ ಅಮನ್ ನಾಥ್, ರೆಸ್ಟೋರೆಂಟ್‌ಗಳನ್ನು ಕಟ್ಟಿದ ರಿತು ದಾಲ್ಮಿಯಾ. ಇವರೆಲ್ಲ ಸೆಕ್ಷನ್ 377ರ ವಿರುದ್ಧ ಸುಪ್ರೀಂ ಕೋರ್ಟಿಗೆ ತಮ್ಮ ಸ್ವಂತ ಹೆಸರಿನಲ್ಲೇ ಹೋದ ಉದ್ಯಮಿಗಳು. ಬ್ರಿಟಿಷರ ಕಾಲದ ಆ ಕಾನೂನನ್ನು, ಇಬ್ಬರು ವಯಸ್ಕರ ಒಪ್ಪಿತ ಸಂಬಂಧದ ಮಟ್ಟಿಗೆ, 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ತೆಗೆದುಹಾಕಿದರು. ಪೀಠದಲ್ಲಿದ್ದ ಒಬ್ಬರೇ ಮಹಿಳೆ ಇಂದು ಮಲ್ಹೋತ್ರಾ. ಈ ಜನರಿಗೂ ಅವರ ಕುಟುಂಬದವರಿಗೂ ಇತಿಹಾಸ ಕ್ಷಮೆ ಕೇಳಬೇಕಾಗಿದೆ ಎಂಬ ಅರ್ಥದ ಮಾತನ್ನು ಬರೆದವರು ಅವರು. ಗಮನಿಸಿ, ಕುಟುಂಬದವರಿಗೂ! ಅಂದರೆ ಅಮ್ಮಂದಿರಿಗೂ.

ಸುರತ್ಕಲ್‌ನಲ್ಲಿ ಓದಿದ ಹುಡುಗ

"ಅವರೆಲ್ಲ ದೊಡ್ಡವರು, ದುಡ್ಡಿದ್ದವರು, ಅವರಿಗೆ ನಡೀತದೆ" ಅಂತ ನೀವು ಹೇಳಬಹುದು. ಸರಿ. ನಮ್ಮವರನ್ನೇ ನೋಡುವ. ನಂತೂರಿನಿಂದ ಹೆದ್ದಾರಿ ಹಿಡಿದು ಕೂಳೂರು, ಪಣಂಬೂರು ದಾಟಿದರೆ ಸುರತ್ಕಲ್. ಅಲ್ಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು ಲೇಖಕ ವಸುಧೇಂದ್ರ. ಬಳ್ಳಾರಿ ಕಡೆಯ ಸಂಡೂರಿನವರು. ಸಾಫ್ಟ್‌ವೇರ್ ಕಂಪನಿಗಳಲ್ಲಿ ವರ್ಷಗಟ್ಟಲೆ ದುಡಿದು ದೊಡ್ಡ ಹುದ್ದೆಗೇರಿದವರು. ಛಂದ ಪುಸ್ತಕ ಎಂಬ ಪ್ರಕಾಶನ ಕಟ್ಟಿದವರು. ಅಮ್ಮನ ಬಗ್ಗೆ ಅವರು ಬರೆದ 'ನಮ್ಮಮ್ಮ ಅಂದ್ರೆ ನಂಗಿಷ್ಟ' ಪುಸ್ತಕವನ್ನು ನಮ್ಮಲ್ಲಿ ಎಷ್ಟು ಮಂದಿ ಓದಿ ಕಣ್ಣೊರೆಸಿಕೊಂಡಿಲ್ಲ ಹೇಳಿ? ಇಂಥ ಮಗ ನಮಗೂ ಇರಬೇಕಿತ್ತು ಎಂದುಕೊಂಡವರು ನಾವೇ ಅಲ್ಲವೇ?

ಅದೇ ವಸುಧೇಂದ್ರ 2013ರಲ್ಲಿ 'ಮೋಹನಸ್ವಾಮಿ' ಎಂಬ ಕಥಾಸಂಕಲನ ತಂದರು. ಸಲಿಂಗಿ ಯುವಕನೊಬ್ಬನ ನೋವು, ಆಸೆ, ಅವಮಾನಗಳ ಕಥೆಗಳು. ಅದರ ಜೊತೆಗೇ ತಾನೂ ಸಲಿಂಗಿ ಎಂದು ಹೇಳಿಕೊಂಡರು. ಆಗ ಅವರಿಗೆ ನಲವತ್ತು ದಾಟಿತ್ತು. ಕಾಲ ಹೇಗಿತ್ತು ನೋಡಿ. ಅದೇ ವರ್ಷ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು 377ನ್ನು ಮತ್ತೆ ಎತ್ತಿ ಹಿಡಿದಿತ್ತು. ಕೆಲವು ಓದುಗರು ಮುಖ ಸಿಂಡರಿಸಿದರು, ಇನ್ನು ಕೆಲವರು ಬೆನ್ನು ತಟ್ಟಿದರು. ಎಲ್ಲಕ್ಕಿಂತ ಮುಖ್ಯವಾಗಿ, ಸಣ್ಣ ಸಣ್ಣ ಊರುಗಳ ಹುಡುಗರು ಅವರಿಗೆ ಫೋನು ಮಾಡಿ ತಮ್ಮ ಕಥೆ ಹೇಳಿಕೊಳ್ಳತೊಡಗಿದರು. ಇದನ್ನು ವಸುಧೇಂದ್ರ ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ.

ಈಗ ಒಂದು ಕ್ಷಣ ಯೋಚಿಸಿ. ಆ ಹುಡುಗರೆಲ್ಲ ಗುರುತು ಪರಿಚಯವಿಲ್ಲದ ಲೇಖಕರೊಬ್ಬರಿಗೆ ಯಾಕೆ ಫೋನು ಮಾಡಿದರು? ಅವರ ಮನೆಯಲ್ಲಿ ಅಮ್ಮಂದಿರು ಇರಲಿಲ್ಲವೇ? ಇದ್ದರು. ಹೇಳಿಕೊಳ್ಳುವ ಧೈರ್ಯ ಇರಲಿಲ್ಲ. ಅವರನ್ನು ತಡೆದದ್ದು ಕಾನೂನಿನ ಹೆದರಿಕೆ ಒಂದೇ ಅಲ್ಲ. ನಮ್ಮ ಹೆದರಿಕೆಯೂ ಹೌದು.

ಆ ಹೆಣ್ಣುಮಗಳ ಗತಿ ಏನು?

ಇನ್ನು ಜಾತಕದ ವಿಷಯಕ್ಕೆ ಬರುವ. ಟಿಮ್ ಕುಕ್ ಲೇಖನ ಬಂದ ಅದೇ ವಾರ ಬೆಂಗಳೂರಿನಿಂದ ಇನ್ನೊಂದು ಸುದ್ದಿ ಬಂದಿತ್ತು. ಹಿರಿಯರು ನೋಡಿ ಮಾಡಿದ ಮದುವೆ. ಗಂಡ ತನ್ನನ್ನು ಮುಟ್ಟುವುದೂ ಇಲ್ಲ, ಕಾರಣ ಹೇಳುವುದೂ ಇಲ್ಲ ಎಂದು ಬೇಸತ್ತ ಹೆಂಡತಿ ಮನೆಯಲ್ಲಿ ಗುಟ್ಟಾಗಿ ಕ್ಯಾಮೆರಾ ಇಡಿಸಿದಳು. ವಿಷಯ ಗೊತ್ತಾಗಿ ಪೊಲೀಸರ ಹತ್ತಿರ ಹೋದಳು. ಗಂಡನನ್ನು 377ರಡಿ ಬಂಧಿಸಿದರು. ಗಂಡಿನ ಮಾನ ಬೀದಿಗೆ ಬಂತು, ಹೆಣ್ಣಿನ ಬದುಕು ಮೂರಾಬಟ್ಟೆ ಆಯಿತು. ಮರುವರ್ಷ, 2015ರ ಏಪ್ರಿಲ್‌ನಲ್ಲಿ, ದೆಹಲಿಯಲ್ಲಿ ಇಂಥದೇ ಮದುವೆಯೊಳಗೆ ಸಿಕ್ಕಿಬಿದ್ದ ಯುವ ವೈದ್ಯೆಯೊಬ್ಬಳು ಜೀವ ಕಳೆದುಕೊಂಡಳು.

ಈ ಮದುವೆಗಳಲ್ಲಿ ಮಂಟಪ ಬುಕ್ ಮಾಡಿದವರು, ಸೀರೆ ತೆಗೆದವರು, ಆಮಂತ್ರಣ ಹಂಚಿದವರು ಯಾರು? ನಮ್ಮಂಥವರೇ. ಮಗನ ಗುಟ್ಟು ಗೊತ್ತಿದ್ದೂ ಮದುವೆ ಮಾಡಿದರೆ ಅದು ಮೋಸ. ಖಾರವಾಯಿತೇ? ಇರಲಿ. ಬೇರೆ ಮನೆಯ ಮಗಳೊಬ್ಬಳ ಇಡೀ ಆಯುಷ್ಯವನ್ನು ನಮ್ಮ ಮರ್ಯಾದೆ ಮುಚ್ಚುವ ಪರದೆ ಮಾಡಿಕೊಳ್ಳುವುದಕ್ಕೆ ನನಗೆ ಬೇರೆ ಶಬ್ದ ಸಿಗುವುದಿಲ್ಲ. ನಾವೆಲ್ಲ ಹೆಣ್ಣು ಹೆತ್ತವರೂ ಹೌದಲ್ಲ? ನಮ್ಮ ಮಗಳು "ನನ್ನಲ್ಲಿ ಎಂತ ಕೊರತೆ ಅಮ್ಮಾ, ಯಾಕೆ ಅವರು ನನ್ನನ್ನು ನೋಡುವುದೇ ಇಲ್ಲ?" ಎಂದು ಅಡುಗೆಮನೆಯಲ್ಲಿ ನಿಂತು ಅತ್ತರೆ ಹೇಗಿರುತ್ತದೆ? ತಪ್ಪು ತನ್ನದೇ ಎಂದು ಆ ಹುಡುಗಿ ವರ್ಷಗಟ್ಟಲೆ ಕೊರಗುತ್ತಾಳೆ. ಅತ್ತ ಮಗನೂ ದಿನವೂ ನಾಟಕವಾಡುತ್ತಾ ಒಳಗೊಳಗೇ ಸಾಯುತ್ತಾನೆ. ಮದುವೆಯೆಂಬುದು ಎಲ್ಲ ಕಾಯಿಲೆಗೂ ಕುಡಿಸುವ ಕಷಾಯವಲ್ಲ. ಇದು ಕಾಯಿಲೆಯೂ ಅಲ್ಲ!

ಕಾಯಿಲೆಯಲ್ಲ ಎಂದು ಹೇಳುತ್ತಿರುವುದು ನಾನಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗಕಾಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ನಮ್ಮ ದೇಶದ ಮನೋವೈದ್ಯರ ಸಂಘವೂ 2018ರಲ್ಲಿ ಇದನ್ನೇ ಹೇಳಿತು. "ಸರಿ ಮಾಡಿಕೊಡುತ್ತೇನೆ" ಎಂದು ಚಿಕಿತ್ಸೆ ಕೊಡಲು ಹೊರಡುವುದು ವೈದ್ಯವೃತ್ತಿಗೇ ಅಪಚಾರ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿದೆ. ಹಾಗಾಗಿ ಮಗನನ್ನು ಕರೆದುಕೊಂಡು ಮದ್ದಿಗಾಗಿ ಊರೂರು ಸುತ್ತಬೇಡಿ. ದುಡ್ಡೂ ಹೋಗುತ್ತದೆ, ಮಗನ ಮನಸ್ಸೂ ಹೋಗುತ್ತದೆ.

ಹಾಗಾದರೆ ನಾವೇನು ಮಾಡಬೇಕು?

ಮಗನೋ ಮಗಳೋ ಒಂದು ದಿನ ಬಂದು ಹೇಳಿದರೆ ಮೊದಲು ಸುಮ್ಮನೆ ಕೇಳಿ. ಅಳು ಬಂದರೆ ಅತ್ತುಬಿಡಿ, ತಪ್ಪಿಲ್ಲ. ಆದರೆ "ನಿನ್ನಿಂದ ನಮ್ಮ ಮಾನ ಹೋಯ್ತು" ಎಂಬ ಮಾತು ಬಾಯಿಂದ ಬಾರದಿರಲಿ. ನೀವು ಆ ಮಾತನ್ನು ಮರೆಯಬಹುದು, ಅವರು ಮರೆಯುವುದಿಲ್ಲ. "ಊಟ ಮಾಡಿದ್ಯಾ?" ಅಂತ ಕೇಳಿದರೂ ಸಾಕು. ಅಮ್ಮ ಬಾಗಿಲು ಹಾಕಲಿಲ್ಲ ಎಂದು ಗೊತ್ತಾಗುತ್ತದೆ.

ನಿಮ್ಮತ್ರ ಹೇಳಿದ್ದನ್ನು ಅತ್ತೆ, ನಾದಿನಿ, ಮಹಿಳಾ ಮಂಡಲ ಎಂದು ಹಂಚಬೇಡಿ. ಯಾರಿಗೆ, ಯಾವಾಗ ಹೇಳಬೇಕು ಎಂಬುದು ಅವರದೇ ತೀರ್ಮಾನ. ಜಾನ್ ಬ್ರೌನ್‌ಗೂ ಟಿಮ್ ಕುಕ್‌ಗೂ ಇದ್ದ ದೊಡ್ಡ ವ್ಯತ್ಯಾಸ ಇದೇ. ಒಬ್ಬರ ಗುಟ್ಟನ್ನು ಬೇರೆಯವರು ಎಳೆದು ಹಾಕಿದರು, ಇನ್ನೊಬ್ಬರು ತಾವಾಗಿ ಹೇಳಿದರು.

ಮಕ್ಕಳು ಏನೂ ಹೇಳದಿದ್ದರೆ ಕೆದಕಿ ಕೇಳಬೇಡಿ. ಮೂವತ್ತಾದರೂ ಮದುವೆ ಬೇಡ ಎನ್ನುವವರೆಲ್ಲ ಸಲಿಂಗಿಗಳೂ ಅಲ್ಲ. ಆದರೆ ಟೀವಿಯಲ್ಲಿ ಇಂಥ ಸುದ್ದಿ, ಸಿನಿಮಾದಲ್ಲಿ ಇಂಥ ಪಾತ್ರ ಬಂದಾಗ ನಾವು ಏನು ಹೇಳುತ್ತೇವೆ, ಹೇಗೆ ನಗುತ್ತೇವೆ ಎಂಬುದನ್ನು ಮಕ್ಕಳು ನೋಡುತ್ತಿರುತ್ತಾರೆ. "ಥೂ" ಎಂದರೆ ಅವರ ಬಾಯಿಗೆ ಅಲ್ಲಿಗೇ ಬೀಗ ಬಿತ್ತು.

ನೀವೊಬ್ಬರೇ ಎಂದು ತಿಳಿಯಬೇಡಿ. ಮುಂಬೈಯಲ್ಲಿ 2015ರಲ್ಲಿ ಪದ್ಮಾ ಅಯ್ಯರ್ ಎಂಬ ತಾಯಿ ತನ್ನ ಮಗನಿಗೆ ವರ ಬೇಕಾಗಿದ್ದಾನೆ ಎಂದು ಪತ್ರಿಕೆಯಲ್ಲಿ ಜಾಹೀರಾತೇ ಕೊಟ್ಟರು! ಇಂಥ ಮಕ್ಕಳ ಅಪ್ಪ-ಅಮ್ಮಂದಿರು ಸೇರಿ 'ಸ್ವೀಕಾರ್' ಎಂಬ ಬಳಗ ಕಟ್ಟಿಕೊಂಡಿದ್ದಾರೆ. 2023ರಲ್ಲಿ ಇವರಲ್ಲಿ ನಾನೂರಕ್ಕೂ ಹೆಚ್ಚು ಮಂದಿ, ನಮ್ಮ ಮಕ್ಕಳಿಗೂ ಮದುವೆಯ ಹಕ್ಕು ಕೊಡಿ ಎಂದು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದರು. ಅದೇ ವರ್ಷ ಅಕ್ಟೋಬರ್ 17ರಂದು ಕೋರ್ಟು ಆ ಹಕ್ಕು ಕೊಡಲಿಲ್ಲ, ಅದು ಸಂಸತ್ತಿನ ಕೆಲಸ ಎಂದಿತು. ದಾರಿ ಇನ್ನೂ ಉದ್ದ ಇದೆ, ಸುಳ್ಳು ಹೇಳಿ ಸಮಾಧಾನ ಮಾಡುವುದಿಲ್ಲ. ಮುದಿವಯಸ್ಸಿನಲ್ಲಿ ಇವನನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಅಮ್ಮನ ಚಿಂತೆಯೂ ಸುಳ್ಳಲ್ಲ. ಆದರೆ ಆ ಚಿಂತೆಗೆ ಇನ್ನೊಬ್ಬಳ ಮಗಳನ್ನು ಬಲಿ ಕೊಡುವುದು ಉತ್ತರವಲ್ಲ.

ಅಂದು ಆ ಅಮ್ಮನಿಗೆ ನಾನು ಜಾತಕ ವಾಪಸು ಕೊಟ್ಟೆ. "ನನ್ನ ತಮ್ಮನ ಮಗಳು ಮಾತ್ರ ಅಲ್ಲ, ಯಾರ ಮಗಳಿಗೂ ಇದನ್ನು ತೋರಿಸಬೇಡಿ" ಅಂದೆ. ಅವರಿಗೆ ಸಿಟ್ಟು ಬಂತು. ಎರಡು ತಿಂಗಳು ಮಾತಿಲ್ಲ. ಪತ್ರೊಡೆಯ ಡಬ್ಬಿ ನಮ್ಮಲ್ಲೇ ಉಳಿಯಿತು. ದೀಪಾವಳಿಗೆ ಫೋನು ಬಂತು. "ಮಗ ಬಂದಿದ್ದ ಅಕ್ಕ. ಇನ್ನು ಹುಡುಗಿ ನೋಡುವುದಿಲ್ಲ ಅಂತ ಹೇಳಿದೆ. ಏನೂ ಮಾತಾಡಲಿಲ್ಲ. ರಾತ್ರಿ ನನ್ನ ಪಕ್ಕದಲ್ಲೇ ಚಾಪೆ ಹಾಕಿ ಮಲಗಿದ, ಸಣ್ಣವನಿರುವಾಗಿನ ಹಾಗೆ." ಅಪ್ಪನಿಗೆ ಇನ್ನೂ ಹೇಳಿಲ್ಲವಂತೆ. ಇರಲಿ, ಒಂದೊಂದೇ ಮೆಟ್ಟಿಲು.

ದೂರದ ದೊಡ್ಡ ಮನುಷ್ಯನಿಗೆ ಚಪ್ಪಾಳೆ ತಟ್ಟಲು ನಮಗೆ ಖರ್ಚೇನೂ ಇಲ್ಲ. ನಮ್ಮ ಮನೆಯ ಮಗು ಅದೇ ಮಾತನ್ನು ಹೇಳಿದ ದಿನ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದರಲ್ಲಿ ನಮ್ಮ ದೊಡ್ಡತನ ಇರುವುದು. ನೀವೇನಂತೀರಿ?