ಕಂಪನಿ ಕೇಳಿದ್ದು ಒಂದು, ರೆಜ್ನರ್ ಕೊಟ್ಟಿದ್ದು ಇನ್ನೊಂದು

ರಾಕ್ ಅಂದ್ರೆ ಬರೀ ಕಿರುಚಾಟ ಅನ್ನೋರು ಅಮೆರಿಕದ ನೈನ್ ಇಂಚ್ ನೇಲ್ಸ್ ತಂಡದ 'ಬ್ರೋಕನ್' ಒಮ್ಮೆ ಕೇಳಬೇಕು. 1992ರದ್ದು. ಪೂರ್ತಿ ಆಲ್ಬಂ ಅಲ್ಲ, ಇಪಿ. ಕವರ್ ಮೇಲೆ ಆರೇ ಟ್ರ್ಯಾಕ್, ಅದರಲ್ಲಿ ಎರಡಕ್ಕೆ ಸಾಹಿತ್ಯವೇ ಇಲ್ಲ. ನನ್ನ ಮಟ್ಟಿಗೆ ಈ ತಂಡದ ಅತ್ಯಂತ ಪ್ರಾಮಾಣಿಕ ಕೆಲಸ ಇದು.

ತಂಡ ಅನ್ನೋದು ಹೆಸರಿಗೆ. ಸ್ಟುಡಿಯೋದಲ್ಲಿ ಹೆಚ್ಚುಕಮ್ಮಿ ಟ್ರೆಂಟ್ ರೆಜ್ನರ್ ಒಬ್ಬನೇ. ಕ್ಲೀವ್‌ಲ್ಯಾಂಡಿನ ಒಂದು ಸ್ಟುಡಿಯೋದಲ್ಲಿ ಸಣ್ಣಪುಟ್ಟ ಕೆಲಸ ಮಾಡ್ತಾ, ಅದು ಖಾಲಿ ಇದ್ದಾಗ ತನ್ನ ಹಾಡು ರೆಕಾರ್ಡ್ ಮಾಡಿಕೊಂಡವನು. 1989ರ ಮೊದಲ ಆಲ್ಬಂ 'ಪ್ರೆಟಿ ಹೇಟ್ ಮಷಿನ್'ನಲ್ಲಿ ಸಿಂಥಸೈಜರ್‌ದೇ ಕಾರುಬಾರು, ಕುಣಿಯೋಕೂ ಆಗುವಂಥದ್ದು. ಅದು ಓಡಿತು. ಕಂಪನಿ ಟಿವಿಟಿಗೆ ಅಂಥದ್ದೇ ಇನ್ನೊಂದು ಬೇಕು. ಇವನಿಗೆ ಆ ಕಂಪನಿಯೇ ಬೇಡ. ಅವರು ಬಿಡಲೊಲ್ಲರು. ಸರಿ, ಅವರ ಕೈ ತಾಗದಿರಲಿ ಅಂತ ಬೇರೆ ಬೇರೆ ಹೆಸರಲ್ಲಿ ಗುಟ್ಟಾಗಿ ರೆಕಾರ್ಡ್ ಮಾಡಿದ! ಕೊನೆಗೆ ಇಂಟರ್‌ಸ್ಕೋಪ್ ಕಂಪನಿ ನಡುವೆ ಬಂದು ಒಪ್ಪಂದ ಆಯ್ತು.

ಹೀಗೆ ಹುಟ್ಟಿದ್ದಕ್ಕೇ ಇದರ ಸದ್ದು ಇಷ್ಟು ಒರಟು. ಮೊದಲು ಒಂದು ನಿಮಿಷ ಗಿಟಾರ್ ಮೆಲ್ಲಗೆ ಮೇಲೇರುತ್ತೆ, ಏನೋ ಆಗ್ತದೆ ಅಂತ ಕಾಯ್ತೀವಿ. ಆಮೇಲೆ 'ವಿಶ್' ಸಿಡಿಯುತ್ತೆ. ಸಿಂಥ್ ಹಿಂದೆ ಸರಿದು ಗಿಟಾರ್ ಗೋಡೆ ಕಟ್ಟಿ ನಿಂತಿದೆ, ದನಿ ಹರಿದುಹೋಗಿದೆ. ಟೂರ್‌ಗಳಲ್ಲಿ ಮೊದಲ ಆಲ್ಬಂನ ಹಾಡುಗಳು ಸ್ಟೇಜ್ ಮೇಲೆ ಒರಟಾಗ್ತಾ ಬಂದಿದ್ದವು, ಅದರ ಬಿಸಿಯೂ ಇಲ್ಲಿದೆ. ಮಧ್ಯದಲ್ಲಿ ಸುಮಾರು ಎರಡು ನಿಮಿಷ ತಣ್ಣಗಿನ ವಾದ್ಯ. ನನಗೆ ಅದೇ ಜಾಸ್ತಿ ಭಯ ಹುಟ್ಟಿಸೋದು.

ಸಿಡಿಯಲ್ಲಿ ಇನ್ನೊಂದು ಕುಚೇಷ್ಟೆ ಇತ್ತು. ಆರನೇ ಹಾಡಿನ ಮೇಲೆ ಒಂದೊಂದು ಸೆಕೆಂಡಿನ ಮೌನ, 97ರವರೆಗೆ. 98, 99ರಲ್ಲಿ ಎರಡು ಹಾಡು ಅಡಗಿಸಿಟ್ಟಿದ್ದ.

'ಕಂಪನಿ ಜಗಳಕ್ಕೆ ಇಷ್ಟು ಸಿಟ್ಟಾ?' ಅಂತ ಕೇಳಬಹುದು. ತನ್ನ ಗಂಟಲಿಂದ ಯಾವ ದನಿ ಬರಬೇಕು ಅಂತ ಬೇರೆಯವರು ತೀರ್ಮಾನಿಸಿದ್ರೆ ಯಾರಿಗೆ ಸಿಟ್ಟು ಬರಲ್ಲ ಹೇಳಿ? ಇದೇ ಸಿಟ್ಟನ್ನ ಒಂದು ಗಂಟೆ ಎಳೆದಿದ್ರೆ ನಾಟಕ ಅನಿಸ್ತಿತ್ತು. ಅವನು ಎಳೀಲಿಲ್ಲ. ಮೊಬೈಲಲ್ಲೇ ಹಾಡು ಕಟ್ಟೋ ನಮ್ಮ ಹುಡುಗರು ಇದನ್ನ ಗಮನಿಸ್ಬೇಕು. ಡಿಸ್ಟಾರ್ಷನ್ ಈಗ ಆ್ಯಪಲ್ಲಿ ಪುಕ್ಕಟೆ ಸಿಗುತ್ತೆ, ಅದು ಎಲ್ಲಿ ಬೇಕು ಅನ್ನೋದು ಸಿಗಲ್ಲ.

'ವಿಶ್'ಗೆ 1993ರಲ್ಲಿ ಮೆಟಲ್ ವಿಭಾಗದ ಗ್ರ್ಯಾಮಿ ಬಂತು. ಮೆಟಲ್ ಹೌದೋ ಅಲ್ವೋ, ನೀವೇ ಜಗಳ ಮಾಡ್ಕೊಳ್ಳಿ. ಕೇಳೋದಾದ್ರೆ ಹೆಡ್‌ಫೋನ್ ಹಾಕಿ ಒಂದೇ ಸಲಕ್ಕೆ ಕೇಳಿ. ವಿಡಿಯೋ ಬಗ್ಗೆ ಮಾತ್ರ ಹುಷಾರು: 'ಹ್ಯಾಪಿನೆಸ್ ಇನ್ ಸ್ಲೇವರಿ'ಯದ್ದನ್ನ ಎಂಟಿವಿಯವರೇ ಹಾಕೋಕೆ ಒಪ್ಪಲಿಲ್ಲ.