ಕೆರೆ ತುಂಬಿದಾಗಲೇ ಕೂತು ಮಾತಾಡಿ



ಒಂದು ಒಳ್ಳೆಯ ಮಳೆ ಬಂದು ಕೆರೆಗೆ ನಾಲ್ಕು ಅಡಿ ನೀರು ಬಿತ್ತೆಂದರೆ ಹಿಂದಿನ ಬರವನ್ನು ನಾವು ಎಷ್ಟು ಬೇಗ ಮರೆತುಬಿಡುತ್ತೇವೆ! 2023ರಲ್ಲಿ ಮುಂಗಾರು ಕೈಕೊಟ್ಟಾಗ ನಮ್ಮ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತವರು, ಮೇವಿಲ್ಲದೆ ಎತ್ತುಗಳನ್ನು ಸಂತೆಯಲ್ಲಿ ಸಿಕ್ಕಿದ ಬೆಲೆಗೆ ಬಿಟ್ಟು ಬಂದವರು, ವಾಚನಾಲಯದ ಬೆಂಚಿನ ಮೇಲೆ ಕೂತು ಈ ಪುಟ ಓದುತ್ತಿರುವವರಲ್ಲೂ ಇದ್ದೀರಿ. ಮರುವರ್ಷ ಮಳೆ ಬಂತು, ಕೆರೆಗಳಿಗೆ ನೀರು ಬಂತು. ಅದಾದ ಮೇಲೆ ನಿಮ್ಮ ಊರಿನಲ್ಲಿ ಒಮ್ಮೆಯಾದರೂ ಎಲ್ಲರೂ ಸೇರಿ, "ಮುಂದಿನ ಸಲ ಬರ ಬಂದರೆ ಏನು ಮಾಡೋಣ?" ಎಂದು ಕೇಳಿಕೊಂಡದ್ದುಂಟೆ?

ಬರದ ಕಾಲದಲ್ಲಿ ಸರ್ಕಾರ ಬರುತ್ತದೆ. ನಾನೂ ಅದರ ಒಬ್ಬ ನೌಕರನಾಗಿ ನಿಮ್ಮ ಹೊಲಗಳಿಗೆ ಬಂದು ಬೆಳೆಹಾನಿ ಬರೆದುಕೊಂಡಿದ್ದೇನೆ. ಮೇವಿನ ಬ್ಯಾಂಕು, ಗೋಶಾಲೆ, ಟ್ಯಾಂಕರು, ಖಾತೆಗೆ ಬೀಳುವ ಪರಿಹಾರದ ಹಣ ಇವೆಲ್ಲ ಬೇಕು, ಬೇಡವೆನ್ನುವವನು ನಾನಲ್ಲ. ಆದರೆ ಪರಿಹಾರದ ಹಣ ಆಯಾ ವರ್ಷದ ನೋವಿಗೆ ಹಚ್ಚುವ ಮುಲಾಮು ಮಾತ್ರ. ಮುಂದಿನ ಬರಕ್ಕೆ ಊರನ್ನು ಸಿದ್ಧಗೊಳಿಸುವ ಕೆಲಸ ಅದರಿಂದಾಗದು. ಆ ಕೆಲಸ ಊರಿನವರೇ ಕೂತು ಮಾತಾಡಿ ಮಾಡಬೇಕಾದದ್ದು. ಅದಕ್ಕೆ ತಕ್ಕ ಹೊತ್ತು ಕೆರೆಯಲ್ಲಿ ನೀರಿರುವಾಗ. ಕೆರೆ ಬತ್ತಿದ ಮೇಲೆ ನೀರಿನ ಹಂಚಿಕೆ ಮಾತಾಡಹೊರಟರೆ ಕಣ ಬರಿದಾದ ಮೇಲೆ ಕೊಳಗ ಹುಡುಕಿದಂತಾಗುತ್ತದೆ.

ಸಂಕಟದ ಬೆನ್ನಿಗೇ ಒಟ್ಟಾಗಿ ಕೂತು ಏನನ್ನಾದರೂ ಕಟ್ಟುವುದು ನಮ್ಮ ಸೀಮೆಗೆ ಹೊಸದಲ್ಲ. 1899-1900ರ ಭೀಕರ ಕ್ಷಾಮದ ನಂತರ ಕ್ಷಾಮ ಆಯೋಗವು ರೈತರಿಗೆ ಸಹಕಾರಿ ಸಾಲ ಬೇಕೆಂದು ಸಲಹೆ ಮಾಡಿತು. 1904ರಲ್ಲಿ ಸಹಕಾರಿ ಸಾಲ ಸಂಘಗಳ ಕಾಯಿದೆ ಬಂತು. ಮರುವರ್ಷವೇ, 1905ರಲ್ಲಿ, ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಊರವರನ್ನು ಕೂಡಿಸಿ ಸಂಘ ಕಟ್ಟಿದರು. ಆ ಕಾಯಿದೆಯಡಿ ದೇಶದಲ್ಲಿ ಮೊದಲಿಗೆ ಹುಟ್ಟಿದ ಕೃಷಿ ಸಾಲ ಸಂಘವೆಂದು ಅದರ ಹೆಸರು ಹೇಳುತ್ತಾರೆ. ಇಂದು ನೀವು ಗೊಬ್ಬರಕ್ಕೂ ಸಾಲಕ್ಕೂ ಹೋಗಿ ನಿಲ್ಲುವ ಸೊಸೈಟಿಯ ಬೇರು ಅಲ್ಲಿದೆ. ಹಣದ ವಿಷಯದಲ್ಲಿ ನಮ್ಮ ಹಿರಿಯರಿಗೆ ಆದದ್ದು ನೀರಿನ ವಿಷಯದಲ್ಲಿ ನಮಗೇಕೆ ಆಗಬಾರದು?

ಆಗುತ್ತದೆಂದು ತೋರಿಸಿದವರು ಪಕ್ಕದ ಮಹಾರಾಷ್ಟ್ರದಲ್ಲಿದ್ದರು. 1972ರಲ್ಲಿ ಅಲ್ಲಿ ಬಿದ್ದ ಬರವನ್ನು ನಮ್ಮ ವಿಜಯಪುರ, ಕಲಬುರಗಿ ಕಡೆಯ ಹಿರಿಯರು ಈಗಲೂ ನೆನೆಯುತ್ತಾರೆ. ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನಲ್ಲಿ ಹೊಲ ಬಿಟ್ಟ ರೈತರು ಬರ ಕಾಮಗಾರಿಯಲ್ಲಿ ಕಲ್ಲು ಒಡೆಯುತ್ತಿದ್ದರು. ಅದನ್ನು ಕಂಡ ವಿಲಾಸರಾವ್ ಸಾಳುಂಖೆ ಎಂಬ ಎಂಜಿನಿಯರರು, ಪುಣೆಯಲ್ಲಿ ಕಾರ್ಖಾನೆ ನಡೆಸುತ್ತಿದ್ದವರು, ನಾಯಗಾಂವ್ ಎಂಬ ಹಳ್ಳಿಯಲ್ಲಿ ದೇವಸ್ಥಾನಕ್ಕೆ ಸೇರಿದ 40 ಎಕರೆ ಬರಡು ಭೂಮಿಯನ್ನು ಗೇಣಿಗೆ ಹಿಡಿದರು. ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿಸಿದರು, ಕೆಳಗೆ ಇಂಗುಕೆರೆ ಕಟ್ಟಿಸಿದರು, ಅದರ ತಗ್ಗಿನಲ್ಲಿ ಬಾವಿ ತೋಡಿಸಿದರು. ಬಾವಿಯ ನೀರನ್ನು ಮೇಲಕ್ಕೆತ್ತಿ ಹೊಲಕ್ಕೆ ಹಾಯಿಸಿದರು. ಇಷ್ಟು ಕೆಲಸವನ್ನು ಯಾವ ಇಲಾಖೆಯೂ ಮಾಡಬಲ್ಲದು. ಸಾಳುಂಖೆಯವರ ದೊಡ್ಡ ಕೆಲಸ ಇದಲ್ಲ.

ಆ ನೀರು ಯಾರದು ಎಂಬ ಪ್ರಶ್ನೆಯನ್ನು ಅವರು ಊರವರ ನಡುವೆ ಇಟ್ಟರು. ಪಾಣಿ ಪಂಚಾಯತ್ ಎಂದು ಹೆಸರಾದ ಆ ಏರ್ಪಾಟಿನ ಕಟ್ಟಳೆಗಳನ್ನು ನೋಡಿ. ಒಬ್ಬೊಬ್ಬ ರೈತನಿಗಲ್ಲ, ಗುಂಪಿಗೆ ಮಾತ್ರ ನೀರಾವರಿ. ಹೊಲ ಎಷ್ಟಿದೆ ಎಂದು ಕೇಳುವಂತಿಲ್ಲ, ಮನೆಯಲ್ಲಿ ಎಷ್ಟು ಬಾಯಿ ಇವೆ ಎಂದು ಕೇಳಬೇಕು. ತಲೆಗೆ ಅರ್ಧ ಎಕರೆಗಾಗುವಷ್ಟು ನೀರು, ಒಂದು ಮನೆಗೆ ಹೆಚ್ಚೆಂದರೆ ಎರಡೂವರೆ ಎಕರೆಗೆ. ಕಬ್ಬಿನಂಥ ಹೆಚ್ಚು ನೀರು ಕುಡಿಯುವ ಬೆಳೆ ಕೂಡದು. ಹೊಲ ಮಾರಿದರೆ ನೀರಿನ ಹಕ್ಕು ಹೊಲದ ಜೊತೆ ಹೋಗದೆ ಗುಂಪಿಗೇ ಹಿಂತಿರುಗಬೇಕು. ಭೂಮಿ ಇಲ್ಲದವನಿಗೂ ನೀರಿನಲ್ಲಿ ಪಾಲುಂಟು. ಯೋಜನೆಯ ಖರ್ಚಿನಲ್ಲಿ ನೂರಕ್ಕೆ 20 ಪಾಲನ್ನು ಸದಸ್ಯರೇ ಕೈಯಿಂದ ಹಾಕಬೇಕು.

ಕೊನೆಯ ಎರಡು ಕಟ್ಟಳೆಗಳನ್ನು ಇನ್ನೊಮ್ಮೆ ಓದಿ. ಕೈಯಿಂದ ದುಡ್ಡು ಹಾಕಿದವನು ಸಭೆಗೆ ತಪ್ಪದೆ ಬರುತ್ತಾನೆ. ಭೂಮಿ ಇಲ್ಲದವನಿಗೆ ಪಾಲು ಕೊಟ್ಟರೆ ಆತ ಕಾಲುವೆಯ ಕಾವಲುಗಾರನಾಗುತ್ತಾನೆ. ಪಾಣಿ ಪಂಚಾಯತಿಯ ಎಲ್ಲ ಗುಂಪುಗಳೂ ಬಾಳಿದವೆಂದು ನಾನು ಹೇಳಲಾರೆ. ಎಷ್ಟೋ ಕಡೆ ವಿದ್ಯುತ್ತಿನ ಬಿಲ್ಲು, ಒಳಜಗಳ, ಕಬ್ಬಿನ ಆಸೆ ಸೇರಿ ಗುಂಪು ಒಡೆದವು. ಸಾಳುಂಖೆಯವರು 2002ರಲ್ಲಿ ತೀರಿಕೊಂಡರು. ಆದರೂ ನೀರನ್ನು ಹೊಲಕ್ಕಲ್ಲ, ಜನಕ್ಕೆ ಅಳೆಯಬಹುದೆಂದು ಮಾಡಿ ತೋರಿಸಿ ಹೋದರು.

ಇದನ್ನೆಲ್ಲ ಪುಸ್ತಕದಲ್ಲಿ ಓದಿದ್ದ ನಾನೇ ಒಂದು ಕಡೆ ಎಡವಿದ್ದೇನೆ. 2016ರ ಬರದ ಮರುವರ್ಷ, ಹಿಂಗಾರಿನ ಹೊತ್ತಿಗೆ ನಮ್ಮ ಬಯಲುಸೀಮೆಯಲ್ಲಿ ಚೆನ್ನಾಗಿ ಮಳೆಯಾಯಿತು. ಆಗ ನಾನಿದ್ದ ರೈತ ಸಂಪರ್ಕ ಕೇಂದ್ರದ ವ್ಯಾಪ್ತಿಯ ಒಂದು ಹಳ್ಳಿಯಲ್ಲಿ, ಬಹಳ ವರ್ಷಗಳ ಮೇಲೆ ಕೆರೆಗೆ ಮುಕ್ಕಾಲು ಪಾಲು ನೀರು ಬಂದಿತ್ತು. ಕೆರೆ ಬಳಕೆಯ ಸಭೆಯೆಂದು ಶಾಲೆಯ ಜಗಲಿಯಲ್ಲಿ ಇಪ್ಪತ್ತು ಮೂವತ್ತು ಮಂದಿಯನ್ನು ಕೂಡಿಸಿದೆ. ಅಚ್ಚುಕಟ್ಟಿನಲ್ಲಿ ಗದ್ದೆ ಇದ್ದವರೇ ಎಲ್ಲರೂ. ಭಾಷಣ ಮಾಡಿದೆ, ರಿಜಿಸ್ಟರಿನಲ್ಲಿ ಸಹಿ ಪಡೆದೆ, ಟೀ ಕುಡಿದೆ, ಮೋಟರ್ ಸೈಕಲ್ ಹತ್ತಿದೆ. ಊರ ಬಾಗಿಲಲ್ಲಿ ಕುರಿ ಹೊಡೆದುಕೊಂಡು ಬರುತ್ತಿದ್ದ ಒಬ್ಬ ಅಜ್ಜಿ ಅಡ್ಡ ನಿಂತರು.

"ಏನ್ ಸ್ವಾಮಿ, ಕೆರೆ ಮೀಟಿಂಗಂತೆ?"

"ಹೌದಮ್ಮ, ಗದ್ದೆ ಇರೋರ್ನ ಕರ್ದಿದ್ವಿ."

"ಗದ್ದೆ ಇರೋರು ಬೋರ್ ಹಾಕಿಸ್ಕೊಂತಾರೆ. ಕೆರೆ ಒಣಗಿದ್ರೆ ಮೊದ್ಲು ಸಾಯೋದು ನಮ್ ಕುರಿ. ನಮ್ಮನ್ ಕೇಳೋರ್ಯಾರು?"

ನನ್ನ ಬಳಿ ಉತ್ತರವಿರಲಿಲ್ಲ. ಬಿ.ಎಸ್ಸಿ.ಯಲ್ಲಿ ಮಣ್ಣಿನ ಗುಣ ಕಲಿಸಿದ್ದರು, ನೀರಿನ ಲೆಕ್ಕ ಕಲಿಸಿದ್ದರು. ಸಭೆಗೆ ಯಾರನ್ನು ಕರೆಯಬೇಕೆಂದು ಕಲಿಸಿದವರು ಆ ಅಜ್ಜಿ.

ಎರಡನೆಯ ಸಭೆ ಅರಳಿಕಟ್ಟೆಯ ಮುಂದೆ, ದನಕುರಿ ಕೊಟ್ಟಿಗೆ ಸೇರಿದ ಮೇಲೆ, ಸಂಜೆಯಲ್ಲಿ ಸೇರಿತು. ಕುರಿಯವರು ಬಂದರು, ಅಗಸರು ಬಂದರು, ಮೀನಿನ ಹರಾಜು ಹಿಡಿದಿದ್ದವನು ಬಂದ, ಹೆಂಗಸರು ಒಂದು ಪಕ್ಕ ಕೂತರು. ಮೊದಲ ಒಂದು ಗಂಟೆ ಬರೀ ಜಗಳ. ಪೋಷಕ ಕಾಲುವೆಯಲ್ಲಿ ನೀಲಗಿರಿ ನೆಟ್ಟವರು ಯಾರು, ಕೆರೆಯಂಗಳ ಒತ್ತಿಕೊಂಡವರು ಯಾರು, ಹಿಂದಿನ ಸಲ ಗೋಡು ಮಣ್ಣು ಹೊಡೆದುಕೊಂಡವರು ಯಾರು ಎಂಬ ಹಳೆಯ ಲೆಕ್ಕಗಳೆಲ್ಲ ಹೊರಬಿದ್ದವು. ನಾನು ಎದ್ದುಹೋಗಲಿಲ್ಲ. ಇಂಥ ಜಗಳಕ್ಕೆ ಅಧಿಕಾರಿಗಳಾದ ನಾವು ಅಂಜುತ್ತೇವೆ. ಅಂಜಬಾರದು. ಹೊಟ್ಟೆಯಲ್ಲಿರುವುದು ಹೊರಗೆ ಬಾರದೆ ಮುಂದಿನ ಮಾತು ನಡೆಯುವುದಿಲ್ಲ.

ಜಗಳ ಸೋತು ಸುಮ್ಮನಾದ ಮೇಲೆ, ಹಿಂದೆ ನೀರುಗಂಟಿಕೆ ಮಾಡುತ್ತಿದ್ದ ಮನೆತನದ ಮುದುಕರೊಬ್ಬರು ಬಾಯಿ ತೆರೆದರು. ಅವರ ತಂದೆಯ ಕಾಲದಲ್ಲಿ ಕೆರೆ ಅರ್ಧ ತುಂಬಿದ ವರ್ಷ ‘ದಾಮಾಷಾ’ ಮಾಡುತ್ತಿದ್ದರಂತೆ. ಈ ಪದ್ಧತಿ ಕೋಲಾರ, ತುಮಕೂರು ಕಡೆಯ ಕೆರೆಗಳಲ್ಲಿ ಇತ್ತು. ನೀರು ಇಡೀ ಅಚ್ಚುಕಟ್ಟಿಗೆ ಸಾಲದೆಂದು ಕಂಡಾಗ, ಸಾಲುವಷ್ಟು ಭೂಮಿಯನ್ನು ಮಾತ್ರ ತೂಬಿನ ಹತ್ತಿರ ಗುರುತು ಮಾಡಿ, ಆ ತುಂಡನ್ನು ಎಲ್ಲ ಹಿಡುವಳಿದಾರರಿಗೂ ಅವರವರ ಪಾಲಿನ ಪ್ರಕಾರ ಆ ವರ್ಷದ ಮಟ್ಟಿಗೆ ಹಂಚುವುದು. ಮೇಲಿನ ಗದ್ದೆಯವನು ತನ್ನ ನೆಲವನ್ನು ಒಂದು ಬೆಳೆಗೆ ಬಿಟ್ಟುಕೊಡುತ್ತಿದ್ದ. ಕೊನೆಯ ಗದ್ದೆಯವನೂ ಮನೆಗೆ ನಾಲ್ಕು ಪಲ್ಲ ಕಾಳು ಒಯ್ಯುತ್ತಿದ್ದ. ಯಾವ ಸರ್ಕಾರವೂ ಹೇಳಿಕೊಟ್ಟದ್ದಲ್ಲ ಇದು. ಬೋರ್‌ವೆಲ್ ಬಂದ ಮೇಲೆ ಮೇಲಿನವನಿಗೆ ಕೆಳಗಿನವನ ಹಂಗು ತಪ್ಪಿತು, ದಾಮಾಷಾ ಎಂಬ ಮಾತೇ ಹುಡುಗರ ಬಾಯಲ್ಲಿ ಉಳಿಯಲಿಲ್ಲ.

ಅಂದು ಊರು ದಾಮಾಷಾಕ್ಕೆ ಒಪ್ಪಲಿಲ್ಲ ಎಂಬುದನ್ನೂ ಹೇಳಬೇಕು. ಮೇಲಿನ ಗದ್ದೆಯವರು ಕಡ್ಡಿ ಮುರಿದ ಹಾಗೆ ಬೇಡವೆಂದರು. ಒಪ್ಪಿದ್ದು ಅದಕ್ಕಿಂತ ಸಣ್ಣದು. ತೂಬಿನ ಕಲ್ಲಿನ ಮೇಲೆ ಸುಣ್ಣದಲ್ಲಿ ಒಂದು ಗೆರೆ ಎಳೆದರು. ನೀರು ಗೆರೆಗಿಂತ ಕೆಳಗಿಳಿದರೆ ತೂಬು ಮುಚ್ಚಬೇಕು, ಉಳಿದದ್ದು ದನಕುರಿಗೆ, ಬಟ್ಟೆ ಒಗೆಯಲಿಕ್ಕೆ. ಸಂಕ್ರಾಂತಿಯ ಹೊತ್ತಿಗೆ ನೀರು ಎಷ್ಟಿದೆಯೆಂದು ನೋಡಿ ಬೇಸಿಗೆ ಭತ್ತ ಹಾಕಬಹುದೇ ಬೇಡವೇ ಎಂದು ಸಭೆ ಹೇಳಬೇಕು. ಇವೆರಡನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದರು. ಈ ಸಲ ಸಹಿ ಪಡೆದವನು ನಾನಲ್ಲ, ಊರಿನ ಒಬ್ಬ ಹುಡುಗ. ಅಜ್ಜಿ ಹೆಬ್ಬೆಟ್ಟು ಒತ್ತಿದರು.

ಮರುವರ್ಷವೇ ಒಬ್ಬರು ರಾತ್ರಿ ಕೆರೆಗೆ ಮೋಟರು ಇಳಿಸಿದರು. ಊರಿನಲ್ಲಿ ತಕ್ಕ ಸ್ಥಿತಿವಂತರು. ಕಂಡವರು ಬಟ್ಟೆ ಒಗೆಯಲು ನಸುಕಿನಲ್ಲಿ ಹೋದ ಹೆಂಗಸರು. ಪೋಲೀಸು, ಕಚೇರಿ ಎಂದು ಯಾರೂ ಓಡಲಿಲ್ಲ. ಅವರನ್ನೇ ಕಟ್ಟೆಗೆ ಕರೆದು ನೋಟ್‌ಬುಕ್ಕಿನಲ್ಲಿದ್ದ ಅವರ ಸಹಿಯನ್ನು ಅವರಿಗೇ ತೋರಿಸಿದರು. ಮೋಟರು ಎತ್ತಿದರು. ಹೀಗೆ ಒಬ್ಬರನ್ನು ಕೂರಿಸಿ ಕೇಳಿದ ಮೇಲೆ ಆ ಗೆರೆಗೆ ಬೆಲೆ ಬಂತು.

ನಿಮ್ಮ ಊರಿನಲ್ಲಿ ಇಂಥ ಮಾತು ಶುರುಮಾಡಬೇಕೆಂದರೆ ಒಂದು ಲೆಕ್ಕವನ್ನು ಕೈಯಲ್ಲಿ ಹಿಡಿದು ಹೋಗಿ. ಲೆಕ್ಕವಿಲ್ಲದ ಸಭೆಯಲ್ಲಿ ಗಂಟಲು ದೊಡ್ಡದಿದ್ದವನೇ ಗೆಲ್ಲುತ್ತಾನೆ. ಒಂದು ಎಕರೆಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. ವರ್ಷಕ್ಕೆ 500 ಮಿಲಿಮೀಟರ್ ಮಳೆಯಾಗುವ ಕಡೆ ಎಕರೆಗೆ 20 ಲಕ್ಷ ಲೀಟರ್ ಬೀಳುತ್ತದೆ. ಇದರಲ್ಲಿ ಬಹುಪಾಲು ಆವಿಯಾಗಿ, ಹರಿದು ಹೋಗುತ್ತದೆ, ಕೈಗೆ ಸಿಗುವುದು ಸ್ವಲ್ಪವೇ. ಭತ್ತದ ಒಂದು ಬೆಳೆಗೆ ಸುಮಾರು 1,200 ಮಿಲಿಮೀಟರ್ ನೀರು ಬೇಕು, ರಾಗಿಗೆ ಅದರ ಮೂರರಲ್ಲಿ ಒಂದು ಪಾಲು ಸಾಕು. ಒಂದು ಎಕರೆ ಭತ್ತ ಕುಡಿಯುವ ನೀರಿನಲ್ಲಿ ಮೂರು ಎಕರೆ ರಾಗಿ ಬರುತ್ತದೆ ಎಂಬ ಮಾತನ್ನು ಸಭೆಯ ಮಧ್ಯೆ ಇಟ್ಟು ನೋಡಿ, ಮಾತಿನ ದಿಕ್ಕೇ ಬದಲಾಗುತ್ತದೆ. ಮಳೆಯ ಅಂಕಿಗೆ ಅಲೆಯಬೇಕಾಗಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯತಿ ಮಟ್ಟದಲ್ಲೇ ಮಳೆಮಾಪಕ ಇರಿಸಿದ್ದಾರೆ, ಪಂಚಾಯತಿಯಲ್ಲಿ ಕೇಳಿ.

ಮಹಾರಾಷ್ಟ್ರದ ಅಹ್ಮದ್‌ನಗರ ಜಿಲ್ಲೆಯ (ಈಗ ಅಹಿಲ್ಯಾನಗರ) ಹಿವರೆ ಬಾಜಾರ್ ಎಂಬ ಊರಿನಲ್ಲಿ ಪ್ರತಿವರ್ಷ ಗ್ರಾಮಸಭೆಯೇ ಕೂತು ಮಳೆಯ ಲೆಕ್ಕದ ಮೇಲೆ ಬೆಳೆ ತೀರ್ಮಾನಿಸುತ್ತದೆ. ಪೋಪಟರಾವ್ ಪವಾರರು ಅಲ್ಲಿ ಸರಪಂಚರಾದ ಮೇಲೆ ನೀರಾವರಿಗೆ ಬೋರ್‌ವೆಲ್ ಕೊರೆಯುವುದನ್ನೂ, ಕಬ್ಬು ಬಾಳೆಗಳನ್ನೂ ಊರೇ ನಿಲ್ಲಿಸಿಕೊಂಡಿತು. ಬರದಲ್ಲಿ ಗುಳೆ ಹೋಗಿದ್ದ ಮನೆಗಳು ಹಿಂತಿರುಗಿದವು. ಅಷ್ಟು ನಮ್ಮಿಂದಾಗದು ಎನ್ನುವಿರೇನೋ. ಸರಿ, ಒಂದು ಗೆರೆಯಿಂದ ಶುರುಮಾಡಿ. ಗ್ರಾಮಸಭೆ ಆರು ತಿಂಗಳಿಗೊಮ್ಮೆ ಸೇರಲೇಬೇಕೆಂಬ ಕಾನೂನು ನಮ್ಮಲ್ಲೂ ಇದೆ. ಅಲ್ಲಿ ಮನೆ, ಚರಂಡಿ ಮಾತಿನ ಜೊತೆಗೆ ಕೆರೆಯ ಮಾತನ್ನೂ ಎತ್ತಲು ಯಾರೂ ಅಡ್ಡಿ ಮಾಡರು.

ಸುಣ್ಣದ ಗೆರೆ ಎಳೆದ ಆ ಊರಿಗೆ 2024ರ ಮಾರ್ಚಿಯಲ್ಲಿ ಹೋಗಿದ್ದೆ. ಸುತ್ತಲಿನ ಕೆರೆಗಳು ಬಿರುಕು ಬಿಟ್ಟಿದ್ದವು. ಇಲ್ಲಿ ಗೆರೆಯ ಕೆಳಗೆ ಮೊಣಕಾಲುದ್ದ ಕೆಸರು ನೀರು ಉಳಿದಿತ್ತು, ಕುರಿಗಳು ಕುಡಿಯುತ್ತಿದ್ದವು. ಅಲ್ಲೊಂದು ಹೊಸ ತಕರಾರು ಎದ್ದಿತ್ತು. ಪಕ್ಕದೂರಿನವರು ತಮ್ಮ ದನಗಳನ್ನು ಇದೇ ನೀರಿಗೆ ಹೊಡೆದುಕೊಂಡು ಬರುತ್ತಿದ್ದರು. ಬಿಡಬೇಕೇ, ತಡೆಯಬೇಕೇ? ನೋಟ್‌ಬುಕ್ಕಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಹುಡುಗರು ತಡೆಯಬೇಕೆಂದರು. ಅಜ್ಜಿ, ಈಗ ಅವರಿಗೆ ಕಣ್ಣು ಸರಿಯಾಗಿ ಕಾಣದು, "ದನ ಏನ್ ತಪ್ಪು ಮಾಡ್ಯಾವಪ್ಪ? ಬುಡಿ, ಕುಡೀಲಿ. ಅವ್ರ ಊರೋರ್ನೂ ಒಂದ್ಸಲ ಕಟ್ಟೇಗೆ ಕರೀರಿ" ಎಂದರು. ಮಳೆಗಾಲ ಕಳೆದ ಮೇಲೆ, ಎರಡೂ ಕೆರೆಗಳಿಗೆ ನೀರು ಬಂದಾಗ, ಎರಡೂ ಊರಿನವರು ಒಂದು ಸಂಜೆ ಸೇರಿದರೆಂದು ಆಮೇಲೆ ತಿಳಿಯಿತು. ಮೊದಲ ಒಂದು ಗಂಟೆ ಜಗಳವೇ ಆಯಿತಂತೆ.